ಆಟ ನಾಲ್ಕು ದಿನ, ಕೂಲಿ ಎಷ್ಟು ದಿನ?

2025ರ ಆಗಸ್ಟಿನಲ್ಲಿ ಮಹಿಳೆಯರ ವಿಶ್ವಕಪ್ ಕ್ರಿಕೆಟ್ ಬೆಂಗಳೂರಿನ ಕೈತಪ್ಪಿತು. ಅದೇ ವರ್ಷ ಜೂನ್ 4ರಂದು ಐಪಿಎಲ್ ಗೆಲುವಿನ ಸಂಭ್ರಮಕ್ಕೆ ಸೇರಿದ ಜನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿಗೆ ಸಿಕ್ಕಿ 11 ಮಂದಿ ಪ್ರಾಣ ಬಿಟ್ಟಿದ್ದರು. ಆ ಮೇಲೆ ಅಲ್ಲಿ ದೊಡ್ಡ ಪಂದ್ಯ ನಡೆಸಲು ಪೊಲೀಸರ ಒಪ್ಪಿಗೆ ಸಿಗಲಿಲ್ಲ. ಉದ್ಘಾಟನೆಯ ಪಂದ್ಯ, ಒಂದು ಸೆಮಿಫೈನಲ್ ಇಲ್ಲಿ ಆಗಬೇಕಿತ್ತು. ಬೆಂಗಳೂರಿನ ಜಾಗಕ್ಕೆ ನವಿ ಮುಂಬಯಿ ಬಂತು. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ಕಪ್ಪು ಗೆದ್ದದ್ದೂ ಅಲ್ಲೇ.

ಆಗ ಪೇಟೆಯಲ್ಲಿ ಒಂದು ಮಾತು ಬಹಳ ಓಡಾಡಿತು: ಹೋಟೆಲಿಗೆ ನಷ್ಟ, ಟ್ಯಾಕ್ಸಿಗೆ ನಷ್ಟ, ಎಷ್ಟೋ ಜನರ ಕೆಲಸ ಹೋಯಿತು. ನಮ್ಮ ಸೋಲದೇವನಹಳ್ಳಿಯಲ್ಲಿ ಹಾಲು ಹಾಕಲು ಬಂದವರ ನಡುವೆ ಇದೇ ಮಾತು ಬಂದಾಗ ಒಬ್ಬ ಹಿರಿಯರು, "ನಮ್ಗೇನ್ ಹೋಯ್ತು ಬಿಡ್ರಪ್ಪ, ಬಂದಿದ್ರೆ ತಾನೇ ಹೋಗಾಕೆ" ಅಂದುಬಿಟ್ಟರು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಮಾತು ತಲೆಯಲ್ಲೇ ಉಳಿಯಿತು. ದೊಡ್ಡ ಕ್ರೀಡಾಕೂಟ ಬಂದರೆ ಸುತ್ತಲಿನ ಉದ್ಯೋಗಗಳಿಗೆ, ಅದರಲ್ಲೂ ಪಟ್ಟಣದ ಅಂಚಿನಲ್ಲಿ ಅರ್ಧ ಎಕರೆ ಒಂದು ಎಕರೆ ಮಾಡುವ ನಮ್ಮಂಥವರಿಗೆ, ನಿಜಕ್ಕೂ ಏನು ಬರುತ್ತೆ? ಹೋದರೆ ಏನು ಹೋಗುತ್ತೆ? ಇದನ್ನು ಭಾವನೆ ಬಿಟ್ಟು, ಸಂತೆ ಲೆಕ್ಕ ಹಾಕುವ ಹಾಗೆ ಹಾಕಿ ನೋಡಬೇಕು ಅನ್ನಿಸಿತು.

ಮೊದಲು ಆಳು-ದಿನದ ಲೆಕ್ಕ

ಯಾವುದೇ ಕೂಟ ಬರುವ ಮುಂಚೆ "ಇಷ್ಟು ಸಾವಿರ ಉದ್ಯೋಗ" ಅಂತ ಹೇಳುತ್ತಾರೆ. ನಾವು ಹೊಲದಲ್ಲಿ ಹಾಗೆ ಲೆಕ್ಕ ಹಾಕುವುದಿಲ್ಲ. ಕಳೆ ತೆಗೆಯಲು ಎಷ್ಟು ಆಳು, ಎಷ್ಟು ದಿನ, ಕೂಲಿ ಎಷ್ಟು, ಮೂರನ್ನೂ ಕೇಳುತ್ತೇವೆ. ಅದೇ ಲೆಕ್ಕ ಇಲ್ಲಿಗೂ ಹಾಕಿ. ಹತ್ತು ಸಾವಿರ ಜನರಿಗೆ ಎಂಟು ದಿನ ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಒಟ್ಟು 80,000 ಆಳು-ದಿನ. ವರ್ಷಕ್ಕೆ 300 ದಿನ ದುಡಿಯುವ ಕೆಲಸವನ್ನು ಒಂದು ಉದ್ಯೋಗ ಅಂದರೆ, ಅದು 266 ಉದ್ಯೋಗ. ಹತ್ತು ಸಾವಿರ ಎಲ್ಲಿ, 266 ಎಲ್ಲಿ! ಎರಡೂ ಸುಳ್ಳಲ್ಲ. ಆದರೆ ಭಾಷಣದಲ್ಲಿ ಬರುವುದು ಮೊದಲನೆಯದು ಮಾತ್ರ.

ಹೋಲಿಕೆಗೆ ಹೇಳುತ್ತೇನೆ. ನನ್ನ ಮುಕ್ಕಾಲು ಎಕರೆ ಸೇವಂತಿಗೆಯಲ್ಲಿ ಹೂ ಬಿಡಿಸಲು ದಿನ ಬಿಟ್ಟು ದಿನ ನಾಲ್ಕು ಹೆಂಗಸರು, ಎರಡು ತಿಂಗಳು ಬರುತ್ತಾರೆ. 120 ಆಳು-ದಿನ. ನಾಟಿ, ಕಳೆ, ಔಷಧಿ ಬೇರೆ. ಇದಕ್ಕೆ ಯಾರೂ ರಿಬ್ಬನ್ ಕತ್ತರಿಸಲಿಲ್ಲ.

ಎರಡನೆಯ ಮಾತು, ಆ ದುಡ್ಡು ಹೊಸದಾಗಿ ಬಂದದ್ದೋ, ಇದ್ದದ್ದೇ ಜಾಗ ಬದಲಿಸಿದ್ದೋ? ಚಿನ್ನಸ್ವಾಮಿ ಕ್ರೀಡಾಂಗಣ ತುಂಬಿದರೆ ಸುಮಾರು 35,000 ಜನ. ಬೆಂಗಳೂರಿನ ಜನಸಂಖ್ಯೆ ಒಂದು ಕೋಟಿ ದಾಟಿ ಎಷ್ಟೋ ವರ್ಷ ಆಯಿತು. ಅಂದರೆ ಮುನ್ನೂರಕ್ಕೊಬ್ಬರು ಒಂದು ಸಂಜೆ ಆಟ ನೋಡುತ್ತಾರೆ. ಅವರಲ್ಲಿ ಹೆಚ್ಚಿನವರು ಬೆಂಗಳೂರಿನವರೇ. ಆಟ ಇಲ್ಲದಿದ್ದರೂ ಆ ರಾತ್ರಿ ಅವರು ಊಟ ಮಾಡುತ್ತಿದ್ದರು. ಟಿಕೇಟಿಗೆ ಮೂರು ಸಾವಿರ ಕೊಟ್ಟವನು ಆ ತಿಂಗಳು ಸಿನಿಮಾವನ್ನೋ, ಹೋಟೆಲನ್ನೋ, ಮಗಳ ಬಟ್ಟೆಯನ್ನೋ ಬಿಟ್ಟಿರುತ್ತಾನೆ. ಎಂ.ಜಿ. ರಸ್ತೆಯ ಹೋಟೆಲಿಗೆ ಬಂದದ್ದು ಮಲ್ಲೇಶ್ವರದ ಹೋಟೆಲಿನಿಂದ ಹೋದದ್ದಾದರೆ ರಾಜ್ಯಕ್ಕೆ ಕೂಡಿದ್ದು ಏನೂ ಇಲ್ಲ. ಹೊರ ಊರಿಂದ, ಹೊರ ದೇಶದಿಂದ ಬಂದವರು ಖರ್ಚು ಮಾಡಿದ್ದೇ ನಿಜವಾದ ಆದಾಯ.

ಇದನ್ನು ಪರೀಕ್ಷೆ ಮಾಡಲು ನಮಗೆ ಒಂದು ಅವಕಾಶವೂ ಸಿಕ್ಕಿತ್ತು. ಐಪಿಎಲ್ ಶುರುವಾದದ್ದೇ ಬೆಂಗಳೂರಿನಲ್ಲಿ, 2008ರ ಏಪ್ರಿಲ್ 18ರಂದು. ಮಾರನೆಯ ವರ್ಷ ಚುನಾವಣೆ ಅಂತ ಇಡೀ ಕೂಟ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. 2022ರಲ್ಲಿ ಊರೆಲ್ಲ ಬಾಗಿಲು ತೆರೆದಿದ್ದರೂ ಲೀಗ್ ಪಂದ್ಯಗಳು ಮುಂಬಯಿ, ಪುಣೆಯಲ್ಲೇ ನಡೆದವು. ಆ ಎರಡು ಬೇಸಿಗೆಯಲ್ಲಿ ಐಪಿಎಲ್ ಇಲ್ಲ ಅನ್ನುವ ಕಾರಣಕ್ಕೆ ಕೆ.ಆರ್. ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟಿಗೆ ಎಂಟಾಣೆ ಇಳಿಯಿತು ಅಂತ ಯಾವ ದಲ್ಲಾಳಿಯೂ ಹೇಳಿದ್ದು ನಾನು ಕೇಳಿಲ್ಲ. ಮಳೆ ಬಂದರೆ ಇಳಿಯುತ್ತೆ, ಮದುವೆ ಲಗ್ನ ಇದ್ದರೆ ಏರುತ್ತೆ. ಆಟದ ವಿಷಯ ಮಾರುಕಟ್ಟೆಗೆ ಗೊತ್ತೇ ಆಗುವುದಿಲ್ಲ.

ಹೂವಿಗಂತೂ ನಮ್ಮ ವಿಶ್ವಕಪ್ ವರಮಹಾಲಕ್ಷ್ಮಿ ಹಬ್ಬ. ಹಿಂದಿನ ಎರಡು ದಿನ ಕನಕಾಂಬರ ಕೆಜಿಗೆ ಸಾವಿರ ದಾಟುವುದು ಹೊಸದೇನಲ್ಲ. ಆಮೇಲೆ ಗೌರಿ-ಗಣೇಶ, ಆಯುಧಪೂಜೆ, ದೀಪಾವಳಿ. ಪಂಚಾಂಗ ನೋಡಿ ಸಸಿ ನೆಡುತ್ತೇವೆಯೇ ಹೊರತು ಪಂದ್ಯದ ಪಟ್ಟಿ ನೋಡಿ ಅಲ್ಲ. ದೊಡ್ಡ ಕೂಟಗಳಿಂದ ಲಾಭ ಆಗುವ ಹೂವೂ ಇದೆ, ಇಲ್ಲ ಅನ್ನುವುದಿಲ್ಲ. ವೇದಿಕೆ, ಹೋಟೆಲಿನ ಹಜಾರ ಅಲಂಕಾರಕ್ಕೆ ಜರ್ಬೆರಾ, ಡಚ್ ಗುಲಾಬಿ ಬೇಕು. ಅದು ಪಾಲಿಹೌಸ್ ಬೆಳೆ. ಬಂಡವಾಳ ಹಾಕಿದವರಿಗೆ ನಾಲ್ಕು ದಿನ ಬೆಲೆ ಸಿಗುತ್ತೆ. ಬಯಲಲ್ಲಿ ಬಿಡಿ ಹೂವು ಬೆಳೆಯುವವನಿಗೆ ಅದರಲ್ಲಿ ಪಾಲಿಲ್ಲ.

1997ರಲ್ಲಿ ಸೆಂಟ್ರಿಂಗಿಗೆ ಹೋದ ಹುಡುಗರು

ಹಾಗಾದರೆ ಕ್ರೀಡಾಕೂಟದಿಂದ ಕೆಲಸವೇ ಆಗುವುದಿಲ್ಲವೇ? ಆಗುತ್ತೆ. ಆದರೆ ಆಟದ ದಿನ ಅಲ್ಲ, ಅದಕ್ಕೆ ಎರಡು ಮೂರು ವರ್ಷ ಮೊದಲು, ಕಟ್ಟಡ ಏಳುವಾಗ.

ಕರ್ನಾಟಕಕ್ಕೆ ಬಂದ ದೊಡ್ಡ ಕೂಟ ಅಂದರೆ 1997ರ ರಾಷ್ಟ್ರೀಯ ಕ್ರೀಡಾಕೂಟ. ಕಂಠೀರವದ ಒಳಾಂಗಣ ಕ್ರೀಡಾಂಗಣ, ಕೋರಮಂಗಲದಲ್ಲಿ ಕ್ರೀಡಾಪಟುಗಳು ಇಳಿದುಕೊಳ್ಳಲು ರಾಷ್ಟ್ರೀಯ ಕ್ರೀಡಾ ಗ್ರಾಮದ ಸಾಲು ಸಾಲು ಮಹಡಿಮನೆ, ಎಲ್ಲ ಆ ಹೆಸರಿನಲ್ಲೇ ಎದ್ದವು. ಪದಕ ಪಟ್ಟಿಯಲ್ಲಿ ಕರ್ನಾಟಕವೇ ಮೊದಲು ನಿಂತಿತು. ಆಟ ಮುಗಿದ ಮೇಲೆ ಆ ಮನೆಗಳು ಮಾರಾಟವಾಗಿ ಸಾಮಾನ್ಯ ಸಂಸಾರಗಳು ಬಂದು ಸೇರಿದವು. ಈಗ ಅಲ್ಲಿ ಇರುವ ಎಷ್ಟೋ ಮಕ್ಕಳಿಗೆ ಆ ಹೆಸರು ಯಾಕೆ ಬಂತು ಅಂತಲೂ ಗೊತ್ತಿರಲಾರದು.

ಆ ಕಾಲದಲ್ಲಿ ನಮ್ಮ ಊರು, ಪಕ್ಕದ ತರಬನಹಳ್ಳಿ, ಗಾಣಿಗರಹಳ್ಳಿ ಕಡೆಯಿಂದ ಸೆಂಟ್ರಿಂಗ್, ಕಂಬಿ ಕಟ್ಟುವ ಕೆಲಸಕ್ಕೆ ಹುಡುಗರು ಹೋಗಲು ಶುರು ಮಾಡಿದರು. ಬೆಳಿಗ್ಗೆ ಬಸ್ಸಿಗೆ ಬುತ್ತಿ ಹಿಡಿದು ಹೋದರೆ ರಾತ್ರಿ ಬರುತ್ತಿದ್ದರು. ಹೊಲದ ಕೂಲಿಗಿಂತ ಅಲ್ಲಿ ಕೂಲಿ ಹೆಚ್ಚು. ಕೂಟ ಮುಗಿಯಿತು, ಹುಡುಗರು ಮಾತ್ರ ಗುದ್ದಲಿಗೆ ಹಿಂತಿರುಗಲಿಲ್ಲ. ಯಾಕೆ? ಆ ಕಟ್ಟಡ ಮುಗಿಯುವ ಹೊತ್ತಿಗೆ ಇನ್ನೊಂದು ಕಟ್ಟಡ ಎದ್ದಿತ್ತು. ಕಂಪ್ಯೂಟರ್ ಕಂಪೆನಿಗಳು ಬಂದವು, ಅಪಾರ್ಟ್‌ಮೆಂಟ್ ಬಂದವು, ವರ್ತುಲ ರಸ್ತೆ ಬಂತು. ಬೆಂಗಳೂರು ಬೆಳೆಯುತ್ತಿತ್ತು, ಅವರಿಗೆ ಕೆಲಸ ಕೊಟ್ಟಿತು. ಅದರ ಕೀರ್ತಿಯನ್ನು ಕ್ರೀಡಾಕೂಟದ ತಲೆಗೆ ಕಟ್ಟುವುದು, ಮಳೆ ಬಂದು ಕೆರೆ ತುಂಬಿದ್ದಕ್ಕೆ ತೂಬಿಗೆ ಪೂಜೆ ಮಾಡಿದ ಹಾಗೆ.

ಊರು ಬೆಳೆಯದ ಕಡೆ ಇದೇ ಕಟ್ಟಡಗಳು ಏನಾಗುತ್ತವೆ ನೋಡಿ. 2004ರ ಒಲಿಂಪಿಕ್ಸಿಗೆ ಅಥೆನ್ಸಿನಲ್ಲಿ ಕಟ್ಟಿದ ಎಷ್ಟೋ ಕ್ರೀಡಾಂಗಣಗಳಲ್ಲಿ ಆಮೇಲೆ ಹುಲ್ಲು ಬೆಳೆಯಿತು. ಬ್ರೆಜಿಲಿನ ಮನೌಸ್ ಅನ್ನುವ ಊರು ಅಮೆಜಾನ್ ಕಾಡಿನ ನಡುವೆ ಇದೆ. 2014ರ ಫುಟ್‌ಬಾಲ್ ವಿಶ್ವಕಪ್ಪಿನ ನಾಲ್ಕು ಪಂದ್ಯಗಳಿಗಾಗಿ ಅಲ್ಲಿ ದೊಡ್ಡ ಕ್ರೀಡಾಂಗಣ ಕಟ್ಟಿದರು. ಅದನ್ನು ತುಂಬಿಸುವಂಥ ದೊಡ್ಡ ತಂಡ ಆ ಊರಲ್ಲಿ ಇರಲಿಲ್ಲ. ಕೆನಡಾದ ಮಾಂಟ್ರಿಯಲ್ 1976ರಲ್ಲಿ ಒಲಿಂಪಿಕ್ಸ್ ನಡೆಸಿ, ಕ್ರೀಡಾಂಗಣದ ಸಾಲ ತೀರಿಸಿದ್ದು 2006ರಲ್ಲಿ. ಮೂವತ್ತು ವರ್ಷ! ಅದಕ್ಕೆ ತಂಬಾಕಿನ ಮೇಲೆ ವಿಶೇಷ ತೆರಿಗೆ ಹಾಕಿದ್ದರು. ಪಿರಿಯಾಪಟ್ಟಣ, ಹುಣಸೂರಿನ ತಂಬಾಕು ಬೆಳೆಗಾರರು ಇದನ್ನು ಓದಿ ನಗಬಹುದು, ಯಾರೋ ಓಡಿದ್ದಕ್ಕೆ ಸೇದುವವರು ಸಾಲ ತೀರಿಸಿದರು.

ಕೂಲಿಯ ವಿಷಯ ಇನ್ನೊಂದಿದೆ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಮೇಲ್ಸೇತುವೆ, ಕ್ರೀಡಾಂಗಣ ಕಟ್ಟಲು ರಾಜಸ್ಥಾನ, ಉತ್ತರ ಪ್ರದೇಶ, ಒರಿಸ್ಸಾದ ಹಳ್ಳಿಗಳಿಂದ ಜನ ಬಂದಿದ್ದರು. ಕನಿಷ್ಠ ಕೂಲಿ ದಿನಕ್ಕೆ 9 ರೂ. 25 ಪೈಸೆ. ಅದರಲ್ಲಿ ತಲೆಗೆ ಒಂದು ರೂಪಾಯಿಯನ್ನು ಜಮಾದಾರ ಮುರಿದುಕೊಳ್ಳುತ್ತಿದ್ದ. ಒಂದು ನಾಗರಿಕ ಹಕ್ಕು ಸಂಘಟನೆ ಇದನ್ನು ಬರೆದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಕಳಿಸಿತು. ಆ ಕಾಗದವನ್ನೇ ಅರ್ಜಿ ಅಂತ ತೆಗೆದುಕೊಂಡರು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಅಂತ 1982ರ ಸೆಪ್ಟೆಂಬರ್ 18ರಂದು ತೀರ್ಪು ಬಂತು. ಕೂಟ ನವೆಂಬರಿನಲ್ಲಿ ಶುರು. ನಮ್ಮ ದೇಶದಲ್ಲಿ ಕ್ರೀಡಾಕೂಟದಿಂದ ಕೂಲಿಯವರಿಗೆ ಉಳಿದ ಶಾಶ್ವತ ಆಸ್ತಿ ಯಾವುದು ಅಂದರೆ ನಾನು ಈ ತೀರ್ಪು ಅನ್ನುತ್ತೇನೆ. ಆಳು ಕರೆಯುವ ನಾವೂ ಇದನ್ನು ತಿಳಿದಿರುವುದು ಒಳ್ಳೆಯದು.

ಹೋಗುವ ಕೆಲಸ ಯಾರ ಲೆಕ್ಕದಲ್ಲೂ ಇಲ್ಲ

ಬರುವ ಕೆಲಸವನ್ನು ಎಣಿಸುತ್ತಾರೆ. ಹೋಗುವುದನ್ನು ಯಾರೂ ಎಣಿಸುವುದಿಲ್ಲ. ಇದಕ್ಕೆ ನಮ್ಮ ಉತ್ತರ ಬೆಂಗಳೂರಿನಲ್ಲೇ ಒಳ್ಳೆ ಉದಾಹರಣೆ ಇದೆ. ಅದು ಆಟ ಅಲ್ಲ, ವಿಮಾನ ಪ್ರದರ್ಶನ. ಕೂಟದ ಸ್ವಭಾವ ಮಾತ್ರ ಒಂದೇ.

1996ರಿಂದ ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತೆ. ಹೋಟೆಲು, ಬಾಡಿಗೆ ಕಾರು, ಪೆಂಡಾಲಿನವರಿಗೆ ಹಬ್ಬ. ಆದರೆ ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ, ವಿಮಾನಕ್ಕೆ ಬಡಿಯುತ್ತವೆ ಅಂತ ಸುತ್ತಮುತ್ತ ಮಾಂಸ ಮಾರಾಟ ನಿಲ್ಲಿಸುತ್ತಾರೆ. 2023ರಲ್ಲಿ ಜನವರಿ 30ರಿಂದ ಫೆಬ್ರವರಿ 20ರವರೆಗೆ 10 ಕಿ.ಮೀ. ಸುತ್ತ. 2025ರಲ್ಲಿ ಜನವರಿ 23ರಿಂದ ಫೆಬ್ರವರಿ 17ರವರೆಗೆ 13 ಕಿ.ಮೀ. ಸುತ್ತ. ಪ್ರದರ್ಶನ ಐದು ದಿನ, ಅಂಗಡಿ ಮುಚ್ಚಿದ್ದು ಮೂರು ವಾರದ ಮೇಲೆ. ಹದ್ದಿನ ಭಯ ಸುಳ್ಳಲ್ಲ, ಪೈಲಟ್ಟಿನ ಜೀವ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳುವುದು ಇಷ್ಟೇ, ಆ ಮೂರು ವಾರ ಕೋಳಿ ಕೊಯ್ಯುವ ಹುಡುಗ ಏನು ಮಾಡಬೇಕು? ಅಂಗಡಿ ಬಾಡಿಗೆ ಯಾರು ಕಟ್ಟಬೇಕು?

ಅಂಗಡಿಯ ಹಿಂದೆ ಸಾಕಣೆದಾರ ಇದ್ದಾನೆ. ಬಾಯ್ಲರ್ ಕೋಳಿ ನಲವತ್ತು ದಿನಕ್ಕೆ ತೂಕಕ್ಕೆ ಬರುತ್ತೆ. ಬಂದ ದಿನ ಎತ್ತಬೇಕು. ಯಲಹಂಕದ ಕಡೆ ಅಂಗಡಿಗಳಿಗೆ ಕೊಡುವವನಿಗೆ ಎತ್ತುವವರೇ ಬರದಿದ್ದರೆ ಒಂದೊಂದು ಕೋಳಿ ದಿನಕ್ಕೆ 150 ಗ್ರಾಮಿಗೂ ಹೆಚ್ಚು ತಿನ್ನುತ್ತಾ ನಿಲ್ಲುತ್ತೆ. ಎರಡು ಸಾವಿರ ಕೋಳಿಯ ಶೆಡ್ಡಿಗೆ ದಿನಕ್ಕೆ 300 ಕೆಜಿ ಮೇವು. ತೂಕವೂ ಆ ಪ್ರಮಾಣದಲ್ಲಿ ಏರುವುದಿಲ್ಲ. ಕಂಪೆನಿ ಒಪ್ಪಂದದಲ್ಲಿ ಸಾಕುವವನಿಗೆ ಮೇವು ಕಂಪೆನಿಯದೇ, ನಿಜ. ಆದರೆ ಮೇವು-ತೂಕದ ಲೆಕ್ಕ ಕೆಟ್ಟರೆ ಅವನ ಸಾಕಾಣಿಕೆ ಕೂಲಿ ಇಳಿಯುತ್ತೆ. ಏರೋ ಇಂಡಿಯಾದಿಂದ ಎಷ್ಟು ಕೋಟಿಯ ಒಪ್ಪಂದ ಆಯಿತು ಅನ್ನುವ ಪಟ್ಟಿಯಲ್ಲಿ ಈ 300 ಕೆಜಿ ಎಲ್ಲಿದೆ?

ಕ್ರಿಕೆಟ್ ದಿನಗಳಲ್ಲೂ ಹೀಗೇ. ಕಬ್ಬನ್ ರಸ್ತೆ ಸುತ್ತ ಬಂದೋಬಸ್ತ್ ಬಂದರೆ ಕಡಲೆಕಾಯಿ ಗಾಡಿ, ಎಳನೀರು ಸೈಕಲ್ಲಿನವರನ್ನು ಮೊದಲು ಎಬ್ಬಿಸುತ್ತಾರೆ. ಒಳಗೆ ಹೊರಗಿನ ತಿಂಡಿ ಬಿಡುವುದಿಲ್ಲ. ದೊಡ್ಡ ಕೂಟಗಳಲ್ಲಿ ಪ್ರಾಯೋಜಕ ಕಂಪೆನಿಯ ಪಾನೀಯ ಬಿಟ್ಟು ಬೇರೆ ಮಾರಬಾರದು ಅನ್ನುವ ಕರಾರು ಮಾಮೂಲಿ. ಎಳನೀರು ಮದ್ದೂರಿನಿಂದ ಕ್ರೀಡಾಂಗಣದ ಗೇಟಿನವರೆಗೂ ಬರಬಹುದು, ಗೇಟಿನೊಳಗೆ ಬರಲಾರದು.

ಕೋಣ ಬಂದಾಗ ಏನಾಯಿತು

ಕೂಟ ಎಂದರೆ ಬರೀ ನಷ್ಟ ಅಂತ ಹೇಳಲು ನಾನು ಕೂತಿಲ್ಲ. ಹಳ್ಳಿಗೆ ಕೆಲಸ ಕೊಡುವ ಆಟವೂ ಇದೆ.

2023ರ ನವೆಂಬರ್ 25, 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೊದಲ ಬಾರಿ ಕಂಬಳ ನಡೆಯಿತು. ಅದೇ ವರ್ಷ ಮೇ 18ರಂದು ಸುಪ್ರೀಂ ಕೋರ್ಟು ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ ಕಾಯಿದೆಯನ್ನು ಎತ್ತಿಹಿಡಿದಿತ್ತು. ಕರಾವಳಿಯಿಂದ ನೂರಕ್ಕೂ ಹೆಚ್ಚು ಜೋಡಿ ಕೋಣಗಳು ಲಾರಿಯಲ್ಲಿ ಘಟ್ಟ ಹತ್ತಿ ಬಂದವು. ಜನವೋ ಜನ. ಬೆಂಗಳೂರಿನಲ್ಲಿ ಆ ಎರಡು ದಿನ ಏನು ವ್ಯಾಪಾರ ಆಯಿತು ಅನ್ನುವುದು ನನಗೆ ಮುಖ್ಯ ಅಲ್ಲ. ಕೋಣದ ಹಿಂದಿನ ಕೆಲಸ ನೋಡಿ. ಕೋಣ ಸಾಕುವುದು ವರ್ಷ ಪೂರ್ತಿ. ಅದಕ್ಕೆ ಹುರುಳಿ ಬೇಯಿಸಿ ಹಾಕಬೇಕು, ಎಣ್ಣೆ ತಿಕ್ಕಬೇಕು, ಈಜಿಸಬೇಕು. ನೋಡಿಕೊಳ್ಳಲು ಆಳು ಬೇಕು. ನೊಗ, ಹಲಗೆ ಮಾಡುವ ಆಚಾರಿ ಬೇಕು, ಹಗ್ಗ ಹೊಸೆಯುವವರು ಬೇಕು, ಓಡಿಸುವವನು ಬೇಕು, ಕೊಂಬು-ವಾದ್ಯದವರು ಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ ವಾರ ವಾರ ಒಂದಲ್ಲ ಒಂದು ಊರಲ್ಲಿ ಕಂಬಳ. ಕೋಣದ ಯಜಮಾನನಿಗೆ ಲಾಭ ಇಲ್ಲ, ಅವನು ಕೈಯಿಂದಲೇ ಹಾಕುತ್ತಾನೆ, ಅದು ಅವನ ಮರ್ಯಾದೆಯ ಪ್ರಶ್ನೆ. ಆದರೆ ಅವನು ಹಾಕಿದ ದುಡ್ಡು ಹತ್ತೂರಿನಲ್ಲೇ ಸುತ್ತುತ್ತೆ. ಅಲ್ಲಿ ಬೇಕಾದದ್ದೆಲ್ಲ ಅಲ್ಲೇ ಆಗುತ್ತೆ.

ನಮ್ಮ ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಹಾಗೆಯೇ. ಕಾರ್ತೀಕದ ಕಡೇ ಸೋಮವಾರ ಬರುತ್ತೆ ಅಂತ ಬೆಳೆಗಾರನಿಗೂ ಗೊತ್ತು, ವ್ಯಾಪಾರಿಗೂ ಗೊತ್ತು. ಈಗ ವ್ಯಾಪಾರಿಗಳೇ ಹೆಚ್ಚು ಅನ್ನುವ ದೂರು ಇದ್ದರೂ ಮಾರುವ ಸರಕು ಹೊಲದ್ದು.

ಇದರ ಜೊತೆ ಕ್ರಿಕೆಟ್ ಇಟ್ಟು ನೋಡಿ. ಚೆಂಡು, ಬ್ಯಾಟು ಮೀರತ್, ಜಲಂಧರ್ ಕಡೆಯಿಂದ. ಅಂಗಿ, ಟೋಪಿ ಎಲ್ಲಿಂದಲೋ. ಬಾವುಟದ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ರಾಷ್ಟ್ರಧ್ವಜ ಹೊಲಿಯುತ್ತಾರೆ. ಬಟ್ಟೆ ನೇಯುವುದು ಬಾಗಲಕೋಟೆ ಕಡೆ, ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟ, ಯಂತ್ರದಲ್ಲಿ ಮಾಡಿದ ಬಾವುಟಕ್ಕೂ ಒಪ್ಪಿಗೆ ಕೊಟ್ಟ ಮೇಲೆ ಅವರು ಪ್ರತಿಭಟನೆಗೆ ಕೂತರು. ಕ್ರೀಡಾಂಗಣದಲ್ಲಿ ಬೀಸುವ ಸಾವಿರ ಬಾವುಟದಲ್ಲಿ ಹತ್ತಿ ಬೆಳೆದವನ ಪಾಲು ಎಷ್ಟು ಅಂತ ನೀವೇ ಹೇಳಿ.

ಕೂಟ ಯಾವುದೇ ಇರಲಿ, ಅದಕ್ಕೆ ಬೇಕಾದ ಸಾಮಾನು ಆ ಸೀಮೆಯಲ್ಲೇ ಆಗುತ್ತಿದ್ದರೆ, ಮತ್ತೆ ಮತ್ತೆ ಬರುತ್ತಿದ್ದರೆ ಅಲ್ಲಿ ಕೆಲಸ ನಿಲ್ಲುತ್ತೆ. ಒಂದು ಸಲ ಬಂದು, ಎಲ್ಲ ಹೊರಗಿಂದ ತಂದರೆ ಗೂಟ ಕಿತ್ತ ದಿನವೇ ಕೆಲಸವೂ ಎದ್ದು ಹೋಗುತ್ತೆ. ಸೋಲದೇವನಹಳ್ಳಿಯಲ್ಲಿ ನನ್ನ ಸೊಪ್ಪಿಗೆ ನಿಜವಾದ ಗಿರಾಕಿ ಯಾರು ಗೊತ್ತೇ? ಇಲ್ಲಿನ ಕಾಲೇಜು ಹಾಸ್ಟೆಲ್ಲುಗಳು, ಪೀಜಿಗಳು. ದಿನಾ ಬೆಳಿಗ್ಗೆ ಪಾಲಕ್, ದಂಟು, ಕೊತ್ತಂಬರಿ ಬೇಕೇ ಬೇಕು. ಬೆಲೆ ಕಡಿಮೆಯೇ ಕೊಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಒಂದು ತಿಂಗಳು ಖಾಲಿ. ಆದರೂ ಹತ್ತು ತಿಂಗಳ ಗಿರಾಕಿ.

ಕೇಳಬೇಕಾದ್ದು ಕರಾರಿನಲ್ಲಿ

ಹಾಗಾದರೆ ನಾವು ಏನು ಕೇಳಬೇಕು? ಕ್ರೀಡಾಂಗಣ ಬೇಡ ಅಂತಲೇ? ಅಲ್ಲ. ಮಕ್ಕಳು ಆಡಲಿ. ಕೇಳಬೇಕಾದ್ದು ಖರೀದಿಯಲ್ಲಿ ಪಾಲು. ಬೇರೆ ದೇಶದಲ್ಲಿ ಕೇಳಿದ್ದಾರೆ, ಪಡೆದಿದ್ದಾರೆ.

ಬ್ರೆಜಿಲಿನ ಸಾಲ್ವಡೋರ್ ಊರಿನಲ್ಲಿ ಹೆಂಗಸರು ಬೀದಿಯಲ್ಲಿ ಅಕರಾಜೆ ಅನ್ನುವ ತಿಂಡಿ ಮಾರುತ್ತಾರೆ. ಅಲಸಂದೆ ಕಾಳು ರುಬ್ಬಿ ತಾಳೆ ಎಣ್ಣೆಯಲ್ಲಿ ಕರಿದದ್ದು, ನಮ್ಮ ಅಲಸಂದೆ ವಡೆಯ ಅಕ್ಕ ಅನ್ನಿ. ಹಳೇ ಕ್ರೀಡಾಂಗಣದಲ್ಲಿ ಹಿಂದಿನಿಂದ ಮಾರುತ್ತಿದ್ದರು. ವಿಶ್ವಕಪ್ಪಿಗೆ ಹೊಸದು ಕಟ್ಟಿದಾಗ ಪ್ರಾಯೋಜಕರ ಕರಾರು ಅಡ್ಡ ಬಂತು. ಅವರು ಸುಮ್ಮನೆ ಕೂರಲಿಲ್ಲ. ಸಂಘ ಕಟ್ಟಿ, ಸಹಿ ಸಂಗ್ರಹಿಸಿ, 2013ರಲ್ಲಿ ಕ್ರೀಡಾಂಗಣದ ಉದ್ಘಾಟನೆಗೆ ಬಂದ ದೇಶದ ಅಧ್ಯಕ್ಷರ ಮುಂದೆಯೇ ಮನವಿ ಇಟ್ಟರು. ಕೆಲವರಿಗೆ ಆವರಣದಲ್ಲೇ ಮಾರುವ ಅವಕಾಶ ಸಿಕ್ಕಿತು. ದೊಡ್ಡ ಸಂಖ್ಯೆ ಅಲ್ಲ. ಆದರೆ ಪ್ರಾಯೋಜಕರ ಕರಾರು ಕಲ್ಲಿನ ಮೇಲೆ ಕೆತ್ತಿದ್ದಲ್ಲ ಅಂತ ಗೊತ್ತಾಯಿತು.

ಲಂಡನ್ನಿನವರು 2012ರ ಒಲಿಂಪಿಕ್ಸಿಗೆ ಮೂರು ವರ್ಷ ಮೊದಲೇ, 2009ರಲ್ಲಿ, ಕೂಟದ ಊಟದ ನೀತಿ ಅಂತ ಬರೆದು ಪ್ರಕಟಿಸಿದರು. ಅಡುಗೆ ಗುತ್ತಿಗೆದಾರ ಎಂಥ ಹಾಲು, ಎಂಥ ಮೊಟ್ಟೆ, ಎಂಥ ಮಾಂಸ ತರಬೇಕು ಅಂತ ಅದರಲ್ಲಿ ಇತ್ತು. ಅವರ ದೇಶದ ರೈತರ ಉತ್ಪನ್ನಕ್ಕೆ ಹಚ್ಚುವ ಕೆಂಪು ಟ್ರಾಕ್ಟರ್ ಗುರುತನ್ನೇ ಕನಿಷ್ಠ ಮಟ್ಟ ಅಂತ ಇಟ್ಟರು. ನಮ್ಮಲ್ಲಿ ಗುತ್ತಿಗೆ ಕೊಟ್ಟ ಮೇಲೆ ರೈತನ ನೆನಪು ಮಾಡಿಕೊಳ್ಳುತ್ತಾರೆ, ಅದೂ ಉದ್ಘಾಟನೆಯ ಮೆರವಣಿಗೆಯಲ್ಲಿ ಎತ್ತಿನ ಗಾಡಿ ಬೇಕಾದಾಗ.

ನಮ್ಮ ಕೈಯಲ್ಲಿ ಹಿಡಿತವೇ ಇಲ್ಲ ಅನ್ನಬೇಡಿ. 2024ರ ಟಿ-20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳ ಅಂಗಿಯ ಮೇಲೆ ನಂದಿನಿ ಹೆಸರು ಇತ್ತು. ಕೆಎಂಎಫ್ ದುಡ್ಡು ಅಂದರೆ ಹಾಲು ಹಾಕುವ ನಮ್ಮ ದುಡ್ಡು. ಜಾಹೀರಾತು ಬೇಡ ಅನ್ನುವುದಿಲ್ಲ, ಹೊರದೇಶದಲ್ಲಿ ಹೆಸರಾದರೆ ಒಳ್ಳೆಯದೇ. ಆದರೆ ದುಡ್ಡು ಕೊಡುವವರು ನಾವಾದ ಮೇಲೆ ನಮ್ಮ ಊರಿನ ಕ್ರೀಡಾಂಗಣದಲ್ಲಿ ಮಜ್ಜಿಗೆ ಪೊಟ್ಟಣ ಸಿಗಬೇಕು ಅಂತ ಕರಾರಿನಲ್ಲಿ ಒಂದು ಸಾಲು ಬರೆಸಲು ಆಗುವುದಿಲ್ಲವೇ? ಹಾಲಿನ ಸಂಘದ ವಾರ್ಷಿಕ ಸಭೆಯಲ್ಲಿ ಯಾರು ಬೇಕಾದರೂ ಎದ್ದು ಕೇಳಬಹುದಾದ ಪ್ರಶ್ನೆ ಇದು. ಹಾಪ್‌ಕಾಮ್ಸ್ ಇದೆ, ರೈತ ಉತ್ಪಾದಕರ ಕಂಪೆನಿಗಳು ಇವೆ. ಮೂವತ್ತು ಸಾವಿರ ಜನಕ್ಕೆ ಹಣ್ಣು ಕೊಡುವುದು ಹಾಪ್‌ಕಾಮ್ಸಿಗೆ ಹೊಸದಲ್ಲ. ಒಬ್ಬೊಬ್ಬನಾಗಿ ಮೂಟೆ ಹೊತ್ತು ಹೋದರೆ ಗೇಟಿನ ಕಾವಲುಗಾರನೇ ಓಡಿಸುತ್ತಾನೆ.

ಇದೆಲ್ಲ ಈಗ ಹೇಳಲು ಕಾರಣ ಇದೆ. 2025ರ ಆಗಸ್ಟಿನಲ್ಲೇ ಸರ್ಕಾರ ಬೊಮ್ಮಸಂದ್ರದ ಸೂರ್ಯನಗರದಲ್ಲಿ ಎಂಬತ್ತು ಸಾವಿರ ಜನ ಕೂರುವ ಕ್ರೀಡಾಂಗಣದ ಪ್ರಸ್ತಾವನೆಗೆ ಒಪ್ಪಿಗೆ ಕೊಟ್ಟಿತು. 1,650 ಕೋಟಿ ರೂಪಾಯಿ, ಗೃಹಮಂಡಳಿಯ ಮೂಲಕ. ನಮ್ಮ ಊರಿಗೂ ಅದಕ್ಕೂ ದೂರ. ಆದರೆ ಪಟ್ಟಣಕ್ಕೆ ಏನು ಕೊಟ್ಟೆವು, ಏನು ಉಳಿಯಿತು ಅನ್ನುವ ಲೆಕ್ಕ ನಮ್ಮ ಊರಿಗೆ ಹಳೆಯದು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಬಂದು, ಇಲ್ಲಿಂದ ಉಗಿಯಂತ್ರದಲ್ಲಿ ಬೆಂಗಳೂರಿಗೆ ಹೋಯಿತು. ಊರಿಗೆ ಉಳಿದದ್ದು ಪಂಪ್‌ಹೌಸು, ಅದರಲ್ಲಿ ಕೆಲವರಿಗೆ ನೌಕರಿ.

ಆನೇಕಲ್ ತಾಲ್ಲೂಕಿನಲ್ಲಿ ರೇಷ್ಮೆ ಇದೆ, ಗುಲಾಬಿ ಇದೆ, ತರಕಾರಿ ಇದೆ, ಹಾಲು ಇದೆ. ಅಲ್ಲಿನ ಬೆಳೆಗಾರರಲ್ಲಿ ಯಾರಾದರೂ ಈ ಯೋಜನೆಯ ಕಾಗದ ನೋಡಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಕಟ್ಟಡದ ಕೂಲಿ ಯಾರ ಮೂಲಕ ಕೊಡುತ್ತಾರೆ, ಒಳಗೆ ಎಷ್ಟು ಅಂಗಡಿ, ಅದರಲ್ಲಿ ಹಾಲಿನ ಸಂಘಕ್ಕೆ, ಹಾಪ್‌ಕಾಮ್ಸಿಗೆ ಜಾಗ ಉಂಟೋ ಇಲ್ಲವೋ, ಆಟ ಇಲ್ಲದ ಮುನ್ನೂರು ದಿನ ಆ ಮೈದಾನದ ಹೊರ ಆವರಣದಲ್ಲಿ ವಾರಕ್ಕೊಂದು ಸಂತೆ ಕಟ್ಟಲು ಬಿಡುತ್ತಾರೋ ಹೇಗೆ? ತಳಪಾಯ ತೋಡುವ ಮುಂಚೆ ಇದನ್ನು ಬರೆಸಬೇಕು. ಗುತ್ತಿಗೆಗೆ ಸಹಿ ಬಿದ್ದ ಮೇಲೆ ನಾವು ಬೋರ್ಡಿನ ಮುಂದೆ ನಿಂತು ಏನು ಕೂಗಿದರೂ ಒಳಗಿನ ಮೈಕಿನ ಸದ್ದಿನಲ್ಲಿ ಕೇಳುವುದಿಲ್ಲ.